ಅಂಕಿ ಓದಿ ಸಹಿ ಮಾಡ್ರಿ



ನಮ್ಮ ಜತ್ತ ತಾಲೂಕು ಬರದ ಸೀಮೆ. 1972ರ ಬರ ಹಿರಿಯರಿಗೆ ನೆನಪಿದೆ. ಬರಗಾಲದ ಕಾಮಗಾರಿಯಲ್ಲಿ ಜನ ಕಲ್ಲು ಒಡೆದರು, ಮಣ್ಣು ಹೊತ್ತರು. ಮುಂದೆ 1977ರಲ್ಲಿ ಮಹಾರಾಷ್ಟ್ರದಲ್ಲಿ ರೋಜಗಾರ ಹಮಿ ಕಾಯದೆ ಆಯಿತು.

2024ರಲ್ಲಿ ರಾಜ್ಯ ಸರ್ಕಾರ ಕಲಿತ ಯುವಕ ಯುವತಿಯರಿಗೆ 6 ತಿಂಗಳ ಕೆಲಸದ ತರಬೇತಿ ಶುರು ಮಾಡಿತು. ಪದವಿ ಮುಗಿಸಿದವರಿಗೆ ತಿಂಗಳಿಗೆ 10,000 ರೂಪಾಯಿ. ಹಾಗೆ ಪಂಚಾಯಿತಿಗೆ ಬಂದ ಹುಡುಗಿಯೊಬ್ಬಳು ನನಗೆ ಹೇಳಿದಳು:

"ಕಾಲೇಜಿನಾಗ ಯೋಜನೆ ಅಂದ್ರ ಪರೀಕ್ಷೆಯ ಉತ್ತರ. ಇಲ್ಲಿ ಯೋಜನೆ ಅಂದ್ರ ಟೇಪು, ಹಾಜರಿ, ತಾರೀಖು. ಮಳೆಗಿಂತ ಮೊದಲ ಒಡ್ಡು ಮುಗೀಬೇಕು. ಎಷ್ಟು ಆಳು, ಎಷ್ಟು ದಿನ, ಎಷ್ಟು ರೊಕ್ಕ, ಎಲ್ಲಾ ಮೊದಲೇ ಬರೀಬೇಕು. ಒಂದಿನ ಆಳದ ಅಳತಿ 2 ಅಡಿ ಇದ್ದದ್ದು 1 ಅಂತ ಬರೆದಿದ್ದೆ. ಹೊಸದಾಗಿ ಓದು ಕಲಿತ ಒಬ್ಬ ಅಕ್ಕ ನೋಡಿ, 'ತಂಗಿ, ಮತ್ತೊಮ್ಮೆ ಅಳಿ' ಅಂದಳು."

ಲೆಕ್ಕ ಮಾಡಿ ನೋಡ್ರಿ. ಉದ್ದ 10, ಅಗಲ 2, ಆಳ 2 ಅಡಿ. ಗುಣಿಸಿದರೆ 40 ಘನ ಅಡಿ. ಆಳ 1 ಆದರೆ 20 ಮಾತ್ರ. ಅರ್ಧ ದುಡಿಮೆ ಹೋಯಿತು!

ಆ ಅಕ್ಕ ಕೇಳಿದ್ದಕ್ಕೆ ಇಡೀ ಗುಂಪಿನ ಕೂಲಿ ಉಳಿಯಿತು.

ನೀವೂ ಕೆಲಸಕ್ಕೆ ಹೋದಾಗ ನಿಮ್ಮ ಹೆಸರು ಹುಡುಕಿರಿ. ಅದರ ಮುಂದಿನ ದಿನ, ಅಳತೆ, ಕೂಲಿ ಓದಿರಿ. ಆಮೇಲೆ ಸಹಿ ಮಾಡ್ರಿ.