ಹಳೆಯ ಮಸೂರ, ಹಿರಿಯ ಸಾಕ್ಷಿ
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ನಿಮ್ಮ ಮುಂದಿಡಬಯಸುವ ವಿಷಯವು ದೊಡ್ಡ ಹಾಳೆಯ ಹಳೆಯ ಫಿಲ್ಮ್ ಕ್ಯಾಮರಾ ಮತ್ತು ಅದರ ಮುಖಕ್ಕೆ ಕೂರಿಸುವ ಹಳೆಯ ಮಸೂರ. ಮನೆಮನೆಯ ಮೊಬೈಲಿನಲ್ಲಿಯೂ ಕ್ಯಾಮರಾ ಇರುವ ಈ ಕಾಲದಲ್ಲಿ ಈ ಮುದಿ ಪೆಟ್ಟಿಗೆಯ ಮಾತೇಕೆಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಉತ್ತರವನ್ನು ಕ್ರಮವಾಗಿ ಹೇಳುವೆವು.

ಮೊದಲು ಪೆಟ್ಟಿಗೆಯ ರಚನೆಯನ್ನು ನೋಡೋಣ. ಮುಂದೊಂದು ಹಲಗೆ, ಹಿಂದೊಂದು ಹಲಗೆ. ನಡುವೆ ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾದ ಕಪ್ಪು ಚೀಲ. ಮುಂದಿನ ಹಲಗೆಯಲ್ಲಿ ಮಸೂರ, ಹಿಂದಿನದರಲ್ಲಿ ಉಜ್ಜಿದ ಗಾಜು. ಚಿತ್ರಗಾರನು ಕಪ್ಪು ಬಟ್ಟೆಯನ್ನು ಮುಸುಕಿಕೊಂಡು ನೋಡಿದರೆ, ಆ ಗಾಜಿನ ಮೇಲೆ ಲೋಕವೆಲ್ಲವೂ ತಲೆಕೆಳಗಾಗಿ ಮೂಡಿರುತ್ತದೆ. ಮಸೂರವನ್ನು ಹಿಂದೆಮುಂದೆ ಸರಿಸಿ ಬಿಂಬವನ್ನು ಸ್ಪಷ್ಟಗೊಳಿಸಿ, ಗಾಜಿನ ಸ್ಥಾನದಲ್ಲಿ ಫಿಲ್ಮಿನ ಹಾಳೆಯನ್ನು ಇಡಬೇಕು. 4 ಅಂಗುಲ ಅಗಲ, 5 ಅಂಗುಲ ಉದ್ದದ ಒಂದು ಹಾಳೆಯು ಸಾಮಾನ್ಯ 35 ಮಿಲಿಮೀಟರ್ ಫಿಲ್ಮಿನ ಒಂದು ಚಿತ್ರಕ್ಕಿಂತ ಸುಮಾರು 15 ಪಟ್ಟು ದೊಡ್ಡದು. ಕಲ್ಲಿನ ಕೆತ್ತನೆಯ ಒಂದೊಂದು ಗೆರೆಯೂ ಅದರಲ್ಲಿ ನಿಲ್ಲುವುದಕ್ಕೆ ಇದೇ ಕಾರಣ.

ಈ ಪೆಟ್ಟಿಗೆಯ ದೊಡ್ಡ ಗುಣವೆಂದರೆ ಅದು ಯಾವ ಕಾಲದ ಮಸೂರವನ್ನೂ ಬೇಡವೆನ್ನದು. ಮರದ ಹಲಗೆಯಲ್ಲಿ ತಕ್ಕ ಅಳತೆಯ ರಂಧ್ರವನ್ನು ಕೊರೆಸಿ ಬಿಗಿದರೆ ಸಾಕು. ನೂರೈವತ್ತು ವರ್ಷಗಳ ಹಿಂದಿನ ಹಿತ್ತಾಳೆಯ ಮಸೂರವೂ ಇಂದಿನ ಫಿಲ್ಮಿನ ಮೇಲೆ ಬಿಂಬವನ್ನು ಬರೆಯುವುದು. 1840ರಲ್ಲಿ ವಿಯೆನ್ನಾದ ಗಣಿತ ಪ್ರಾಧ್ಯಾಪಕ ಜೋಸೆಫ್ ಪೆಟ್ಜ್‌ವಾಲನು ಲೆಕ್ಕ ಹಾಕಿಯೇ ಒಂದು ಮಸೂರವನ್ನು ರೂಪಿಸಿದನು. ನಡುವೆ ಮೊನಚು, ಅಂಚಿನಲ್ಲಿ ಮಸುಕು. ಮುಖಚಿತ್ರಕ್ಕೆ ಅದು ಹೇಳಿ ಮಾಡಿಸಿದಂತಹುದು. 1866ರಲ್ಲಿ ಲಂಡನ್ನಿನ ಡಾಲ್‌ಮಾಯರ್ ಮತ್ತು ಮ್ಯೂನಿಚ್ಚಿನ ಸ್ಟೈನ್‌ಹೈಲ್ ಇಬ್ಬರೂ ಬೇರೆ ಬೇರೆಯಾಗಿ, ನೇರ ಗೆರೆಯನ್ನು ಬಾಗಿಸದೆ ನೇರವಾಗಿಯೇ ತೋರಿಸುವ ಮಸೂರವನ್ನು ತಂದರು. ಕಂಬಗಳಿಗೂ ಗೋಡೆಗಳಿಗೂ ಅದು ಯೋಗ್ಯವಾದುದು. 1902ರಲ್ಲಿ ಜರ್ಮನಿಯ ಝೈಸ್ ಸಂಸ್ಥೆಯ ಪಾಲ್ ರುಡಾಲ್ಫನು ನಾಲ್ಕೇ ಗಾಜುಗಳಿಂದ ಟೆಸ್ಸಾರ್ ಎಂಬ ಮಸೂರವನ್ನು ರಚಿಸಿದನು. ಆ ವಿನ್ಯಾಸವು ಇಂದಿಗೂ ಬಳಕೆಯಲ್ಲಿದೆ. ಅಜ್ಜಿಯ ಮುಖಕ್ಕೆ ಮೊದಲನೆಯದು, ಹೇಮಾವತಿಯ ನೊಳಂಬರ ಕಂಬಗಳಿಗೆ ಎರಡನೆಯದು, ರಾಯದುರ್ಗದ ಬೆಟ್ಟದ ಕೋಟೆಗೆ ಮೂರನೆಯದು ಎಂದು ನೆನಪಿಟ್ಟುಕೊಳ್ಳಬಹುದು.

ವಿದ್ಯಾರ್ಥಿಗಳೇ, ಇದರಲ್ಲಿ ನಿಮ್ಮ ಗಣಿತವೂ ಇದೆ. ಮಸೂರದ ಮೇಲಿನ ಬರಹವು ಅಳಿಸಿಹೋಗಿದ್ದರೆ ದೂರದ ಬೆಟ್ಟದ ಬಿಂಬವನ್ನು ಕಾಗದದ ಮೇಲೆ ಹಿಡಿದು, ನಡುವಿನ ಅಂತರವನ್ನು ಅಳೆಯಿರಿ. ಅದೇ ಹೆಚ್ಚು ಕಡಿಮೆ ಸಂಗಮದೂರ. ಸೂರ್ಯನನ್ನು ಮಾತ್ರ ಮಸೂರದ ಮೂಲಕ ಎಂದಿಗೂ ನೋಡಕೂಡದು. ಸಂಗಮದೂರವು 300 ಮಿಲಿಮೀಟರ್ ಆಗಿದ್ದು, ಬೆಳಕಿನ ರಂಧ್ರವು 5 ಮಿಲಿಮೀಟರ್ ಇದ್ದರೆ, ಭಾಗಿಸಿದಾಗ 60 ಬರುವುದು. ಈ ಸಂಖ್ಯೆ ಹಿರಿದಾದಷ್ಟೂ ಬೆಳಕು ಕಿರಿದು. ಹಳೆಯ ಮಸೂರಗಳಲ್ಲಿ ರಂಧ್ರವುಳ್ಳ ತಗಡುಗಳನ್ನು ಸೇರಿಸುವ ಸೀಳಿರುತ್ತದೆ. ತಗಡುಗಳು ಕಳೆದಿದ್ದರೆ ಕಪ್ಪು ರಟ್ಟಿನಲ್ಲಿ ನೀವೇ ಕತ್ತರಿಸಿಕೊಳ್ಳಬಹುದು. ಅನೇಕ ಹಳೆಯ ಮಸೂರಗಳಿಗೆ ಶಟರ್ ಇಲ್ಲ. ಅದಕ್ಕೂ ಚಿಂತೆಯಿಲ್ಲ. ಹಾಳೆ ಫಿಲ್ಮು ಇಂದಿಗೂ ತಯಾರಾಗುತ್ತಿದ್ದರೂ ಬೆಲೆ ಹೆಚ್ಚು; ಅದರ ಬದಲು ಫೋಟೋ ಮುದ್ರಿಸುವ ಬ್ರೋಮೈಡ್ ಕಾಗದವನ್ನೇ ಇಟ್ಟರೆ, ಅದು ಮಂದಗತಿಯದಾದುದರಿಂದ ನಡುಹಗಲ ಬಿಸಿಲಿನಲ್ಲಿಯೂ ಎರಡು ಮೂರು ಸೆಕೆಂಡು ಬೇಕಾಗುವುದು. ಮುಚ್ಚಳವನ್ನು ತೆಗೆದು, ಎಣಿಸಿ, ಮತ್ತೆ ಮುಚ್ಚಿದರೆ ಕೆಲಸ ಮುಗಿಯಿತು. ಎಣಿಸಬಲ್ಲ ಕೈಯೇ ಶಟರ್.

ಹಳತೆಂದರೆ ಕೆಟ್ಟುದೆಂದು ತಿಳಿಯಬಾರದೆಂಬುದಕ್ಕೆ ಈ ಶಾಸ್ತ್ರದಲ್ಲಿಯೇ ಒಂದು ನಿದರ್ಶನವಿದೆ. ಬಹುಕಾಲ ಗಾಳಿಗೊಡ್ಡಿ ಮೇಲ್ಮೈ ನೀಲಿಗಟ್ಟಿದ ಹಳೆಯ ಮಸೂರವು ಹೊಸದಕ್ಕಿಂತ ಹೆಚ್ಚು ಬೆಳಕನ್ನು ಒಳಬಿಡುತ್ತದೆಂಬುದನ್ನು ಇಂಗ್ಲೆಂಡಿನ ಡೆನ್ನಿಸ್ ಟೇಲರನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗಮನಿಸಿದನು. ಆ ತೆಳುಪೊರೆಯು ಪ್ರತಿಫಲನವನ್ನು ಕಡಿಮೆ ಮಾಡುತ್ತಿದ್ದಿತು. 1935ರಲ್ಲಿ ಝೈಸ್ ಸಂಸ್ಥೆಯ ಸ್ಮಕುಲಾ ಅಂತಹ ಪೊರೆಯನ್ನು ಬೇಕೆಂದೇ ಲೇಪಿಸುವ ವಿಧಾನವನ್ನು ಕಂಡುಹಿಡಿದನು. ಇಂದು ನಿಮ್ಮ ಕನ್ನಡಕದ ಮೇಲೆ ಮಿನುಗುವ ಹಸಿರು ಛಾಯೆ ಆ ವಂಶದ್ದೇ. ಆದುದರಿಂದ ಹಳೆಯ ಮಸೂರದ ನೀಲಿಯನ್ನು ಕೊಳೆಯೆಂದು ಉಜ್ಜಬೇಡಿರಿ. ಧೂಳನ್ನು ಊದಿ ತೆಗೆಯಿರಿ. ಬೂಷ್ಟು ಹಿಡಿಯದಂತೆ ಒಣಗಿದ ಸ್ಥಳದಲ್ಲಿಡಿರಿ. ತಿದಿಯಲ್ಲಿ ತೂತುಗಳಿವೆಯೇ ಎಂದು ತಿಳಿಯಲು ಕತ್ತಲ ಕೋಣೆಯಲ್ಲಿ ಅದರೊಳಗೆ ಟಾರ್ಚನ್ನು ಹಿಡಿದು ನೋಡಿರಿ.

ಇನ್ನು, ಇದೆಲ್ಲ ಏಕೆ ಎಂಬ ಪ್ರಶ್ನೆಗೆ ಬರೋಣ. ರಾಯದುರ್ಗದಿಂದ ಬಳ್ಳಾರಿಯ ಮಾರ್ಗವಾಗಿ ಹಂಪೆಗೆ ಒಂದೇ ದಿನದಲ್ಲಿ ಹೋಗಿ ಬರಬಹುದು. ಆ ಹಂಪೆಗೆ 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವನು ಇಂತಹುದೇ ದೊಡ್ಡ ಪೆಟ್ಟಿಗೆಯನ್ನು ಹೊತ್ತು ತಂದು, ಒಂದಡಿಗೂ ಮಿಕ್ಕಿದ ಅಳತೆಯ ಕಾಗದದ ನೆಗೆಟಿವುಗಳ ಮೇಲೆ ಚಿತ್ರಗಳನ್ನು ತೆಗೆದನು. ಅವು ಬಹುಕಾಲ ಲೋಕದ ಕಣ್ಣಿಗೆ ಬೀಳದೆ ಇದ್ದು, ಶತಮಾನಕ್ಕೂ ಮಿಕ್ಕಿ ಕಳೆದ ಮೇಲೆ ದೊರೆತವು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವರು ಗ್ರೀನ್‌ಲಾ ನಿಂತ ಸ್ಥಳಗಳನ್ನು ಹುಡುಕಿ, ಅಲ್ಲಿಯೇ ನಿಂತು ಮರಳಿ ಚಿತ್ರಗಳನ್ನು ತೆಗೆದರು. ಎರಡನ್ನೂ ಜೊತೆಗಿಟ್ಟು ನೋಡಿದರೆ ಯಾವುದು ಉಳಿಯಿತು, ಯಾವುದು ಹೋಯಿತು ಎಂಬುದು ತಾನೇ ತಿಳಿಯುವುದು. 2017ರಲ್ಲಿ ಹೊರಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಹಂಪೆಯ ಕಲ್ಲಿನ ರಥವಿದೆ. ಅದರ ಮೇಲೆ ಶಿಖರವಿಲ್ಲ. ಗ್ರೀನ್‌ಲಾನ ಚಿತ್ರದಲ್ಲಿಯಾದರೋ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವು ನಿಂತಿದೆ! ಅದನ್ನು ಕಂಡವರು ಯಾರೂ ಇಂದಿಲ್ಲ. ಒಂದು ಹಾಳೆ ಕಾಗದವು ಸಾಕ್ಷಿ ಹೇಳುತ್ತಿದೆ.

ನಮ್ಮ ಊರುಗಳಿಗೂ ಸಾಕ್ಷಿ ಬೇಡವೆ? ರಾಯದುರ್ಗವು 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿದ್ದು, ಆ ಬಳಿಕ ಅನಂತಪುರ ಜಿಲ್ಲೆಗೆ ಸೇರಿತು. ಅದೇ ಜಿಲ್ಲೆಯಲ್ಲಿದ್ದ ಮಡಕಶಿರವು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಗಡಿಗಳು ಬದಲಾಗುತ್ತವೆ, ಕಾಗದಪತ್ರಗಳ ಭಾಷೆಯೂ ಬದಲಾಗುತ್ತದೆ. ಆದರೆ ಈ ನೆಲದಲ್ಲಿ ಕನ್ನಡವನ್ನು ಆಡಿದವರ, ಓದಿದವರ, ಓದಿಸಿದವರ ಮುಖಗಳು ಹಳೆಯ ಚಿತ್ರಗಳಲ್ಲಿವೆ. ಶಾಲೆಯ ಗುಂಪುಚಿತ್ರದಲ್ಲಿ ಮೂವತ್ತು ಮುಖಗಳಿದ್ದು, ಹೆಸರು ಬಲ್ಲವರು ಒಬ್ಬರೇ ಉಳಿದಿದ್ದರೆ, ಆ ಒಬ್ಬರು ಹೋದ ದಿನ ಮೂವತ್ತು ಮಂದಿಯೂ ಅನಾಮಧೇಯರಾಗುವರು.

ಆದುದರಿಂದ ಪೋಷಕರಲ್ಲಿ ನಮ್ಮ ವಿನಂತಿ ಇದು. ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಚಿತ್ರವನ್ನಾಗಲಿ, ನೆಗೆಟಿವನ್ನಾಗಲಿ, ಗಾಜಿನ ಫಲಕವನ್ನಾಗಲಿ ಎಸೆಯಬೇಡಿರಿ. ವಿದ್ಯಾರ್ಥಿಗಳೇ, ಅವನ್ನು ಹಿರಿಯರ ಮುಂದಿಟ್ಟು ಹೆಸರು, ಊರು, ವರ್ಷಗಳನ್ನು ಕೇಳಿ, ಚಿತ್ರದ ಹಿಂದೆ ಮೃದುವಾದ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆಯಿರಿ. ಹರಿದುಹೋಗುತ್ತಿರುವ ಚಿತ್ರವನ್ನು ಈ ಪೆಟ್ಟಿಗೆಯಿಂದಲೇ ಪ್ರತಿಮಾಡಬಹುದು: 300 ಮಿಲಿಮೀಟರಿನ ಮಸೂರವಾದರೆ ತಿದಿಯನ್ನು 600ರವರೆಗೆ ಎಳೆಯಿರಿ, ಬೆಳಕಿಗೆ ನಾಲ್ಕು ಪಟ್ಟು ಕಾಲವನ್ನು ಕೊಡಿರಿ, ಚಿತ್ರವು ಮೂಲದಷ್ಟೇ ಗಾತ್ರದಲ್ಲಿ ಬರುವುದು. ಮೊಬೈಲಿನಿಂದ ತೆಗೆದರೂ ತಪ್ಪಿಲ್ಲ. ಆದರೆ ಹೆಸರನ್ನು ಯಾವ ಯಂತ್ರವೂ ಬರೆಯದು. ಅದನ್ನು ನೀವೇ ಬರೆಯಬೇಕು.

ಹಳೆಯ ಮಸೂರವು ಅವಸರವನ್ನು ಸಹಿಸದು. ಒಂದು ಚಿತ್ರಕ್ಕೆ ಒಂದೇ ಹಾಳೆ. ಆದುದರಿಂದ ನೋಡಿ, ಯೋಚಿಸಿ, ಆಮೇಲೆ ಮುಚ್ಚಳವನ್ನು ತೆಗೆಯಬೇಕು. ನಮ್ಮ ಮಕ್ಕಳು ತಮ್ಮ ಊರನ್ನು ಒಮ್ಮೆ ಹಾಗೆ ನೋಡಿದರೆ ಈ ಮಾತುಗಳು ಸಾರ್ಥಕವಾದವೆಂದು ಭಾವಿಸುವೆವು.