"ಇಲ್ಲ ಮೇಡಂ, ನಾನು ಹಾಗೆ ಹೇಳಲಿಲ್ಲ"

ಇವತ್ತು ಬ್ರೇಕಿಂಗ್ ಇಲ್ಲ. ಯಾರ ರಾಜೀನಾಮೆಯೂ ಇಲ್ಲ. ಕಳೆದ ತಿಂಗಳು ಒಂದು ಶನಿವಾರ ರಾತ್ರಿ ನಾನು ನನ್ನದೇ ಹೊಟ್ಟೆಪಾಡಿನ ವಿರುದ್ಧ ವಾದ ಮಾಡಿ ಬಂದೆ. ಆ ಕಥೆ ಹೇಳ್ತೀನಿ.

ಬೇರೆ ಬೇರೆ ಊರಿನ ಕಾಲೇಜು ಹುಡುಗ ಹುಡುಗಿಯರು ಸೇರಿ ಆನ್‌ಲೈನ್‌ನಲ್ಲಿ ಒಂದು ಚರ್ಚಾಕೂಟ ನಡೆಸ್ತಾರೆ. ಕೋವಿಡ್ ಕಾಲದಲ್ಲಿ ಶುರುವಾದದ್ದು. ಆಗ ಹುಟ್ಟಿದ ಇಂಥ ಎಷ್ಟೋ ಗುಂಪುಗಳು ಕಾಲೇಜು ತೆರೆದ ಕೂಡಲೇ ಮುಚ್ಚಿದವು, ಇದು ಮುಚ್ಚಲಿಲ್ಲ. ಪ್ರತಿ ಶನಿವಾರ ರಾತ್ರಿ ಎಂಟಕ್ಕೆ ಮೂವತ್ತು ಜನ ಸೇರ್ತಾರೆ. ನನ್ನನ್ನು ಕರೆದರು. ನಾಲ್ಕು ಒಳ್ಳೆ ಮಾತು, ಒಂದು ಸ್ಕ್ರೀನ್‌ಶಾಟ್, ಇಷ್ಟೇ ತಾನೇ ಅಂದುಕೊಂಡು ಲಾಗಿನ್ ಆದೆ. ನಿರ್ವಹಣೆ ಮಾಡ್ತಿದ್ದ ಹುಡುಗ ಹೇಳಿದ: "ಮೇಡಂ, ನಮ್ಮಲ್ಲಿ ಮುಖ್ಯ ಅತಿಥಿ ಅಂತ ಇಲ್ಲ. ಬಂದವರೆಲ್ಲ ಕೆಲಸ ಮಾಡಬೇಕು. ಚೀಟಿ ಎತ್ತಿದ್ವಿ, ನಿಮಗೆ 'ಪರ' ಬಂದಿದೆ."

ವಿಷಯ ಏನಪ್ಪಾ ಅಂದೆ. "ಟಿವಿ ಸುದ್ದಿ ವಾಹಿನಿಗಳ ರಾತ್ರಿ ಚರ್ಚೆ ನಿಲ್ಲಬೇಕು."

ತಯಾರಿಗೆ ಹದಿನೈದು ನಿಮಿಷ, ಮಾತಿಗೆ ಏಳು ನಿಮಿಷ. ಇದು ಆ ಹುಡುಗರು ಕಂಡುಹಿಡಿದದ್ದಲ್ಲ. ಬ್ರಿಟಿಷ್ ಪಾರ್ಲಿಮೆಂಟರಿ ಅನ್ನೋ ಪದ್ಧತಿ. ಇಬ್ಬಿಬ್ಬರ ನಾಲ್ಕು ತಂಡ, ಎರಡು ಪರ, ಎರಡು ವಿರೋಧ. ನೀವು ಯಾವ ಕಡೆ ಅನ್ನೋದು ನಿಮ್ಮ ಕೈಯಲ್ಲಿಲ್ಲ. ವಿಶ್ವವಿದ್ಯಾಲಯಗಳ ವಿಶ್ವ ಚರ್ಚಾ ಚಾಂಪಿಯನ್‌ಶಿಪ್ ನಡೆಯೋದು ಇದರಲ್ಲೇ. ಕೊರಿಯಾ ನಡೆಸಿದ 2021ರ ಚಾಂಪಿಯನ್‌ಶಿಪ್ ಆನ್‌ಲೈನ್‌ನಲ್ಲೇ ಆಯ್ತು, 2022ರ ಬೆಲ್‌ಗ್ರೇಡ್‌ನದ್ದೂ ಹಾಗೇ.

ಮನಸ್ಸಿಗೆ ಒಪ್ಪದ ಕಡೆ ವಾದ ಮಾಡೋದು ಸುಳ್ಳು ಹೇಳಿದ ಹಾಗಲ್ವಾ ಅಂತ ನೀವು ಕೇಳಬಹುದು. ಕರಾವಳಿಯವರನ್ನು ಕೇಳಿ ನೋಡಿ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಹಾಡು ಮತ್ತು ಮಾತು ಅಷ್ಟೇ. ಇವತ್ತು ವಾಲಿಯ ಅರ್ಥ ಹೇಳಿದವರು ನಾಳೆ ರಾಮನ ಅರ್ಥ ಹೇಳ್ತಾರೆ. ವಾಲಿಯಾಗಿ ಕೂತಾಗ, ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಅಂತ ರಾಮನನ್ನೇ ಕಟಕಟೆಗೆ ಎಳೀಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಹುಟ್ಟಿ ಬೆಳೆದ ನಾಡು ಇದು. ಪಾತ್ರದ ವಾದವನ್ನು ವ್ಯಕ್ತಿಯ ತಲೆಗೆ ಕಟ್ಟಬಾರದು ಅಂತ ಅಲ್ಲಿನ ಪ್ರೇಕ್ಷಕರಿಗೆ ಯಾರೂ ಪಾಠ ಮಾಡಬೇಕಿಲ್ಲ.

ಇನ್ನು ಕೂಟ ಹೇಗೆ ಬದುಕಿತು ಅನ್ನೋದಕ್ಕೆ ಬರ್ತೀನಿ. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಮೊದಲು ಕಣ್ಣು ಹೋದದ್ದು ಅಲ್ಲಿಗೇ. ಮಾತು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ತಲುಪೋಕೆ 150 ಮಿಲಿಸೆಕೆಂಡ್ ಒಳಗಿದ್ದರೆ ಸಂಭಾಷಣೆ ಸಲೀಸು ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಇದೆ. ವಿಳಂಬ ಜಾಸ್ತಿಯಾದರೆ ಇಬ್ಬರೂ ಒಟ್ಟಿಗೆ ಶುರು ಮಾಡ್ತಾರೆ, ಒಟ್ಟಿಗೆ ನಿಲ್ಲಿಸ್ತಾರೆ. "ಹೇಳಿ ಹೇಳಿ", "ಇಲ್ಲ, ನೀವು ಹೇಳಿ". ಎದುರೆದುರು ಕೂತಾಗ ನಡೆಯೋ ಅಡ್ಡಮಾತು ಇಲ್ಲಿ ಬರೀ ಗಲಾಟೆ ಆಗುತ್ತೆ. ಅದಕ್ಕೆ ಈ ಹುಡುಗರು ಮಾಡಿದ್ದು ಏನು? ಒಬ್ಬರ ಮೈಕ್ ಮಾತ್ರ ತೆರೆದಿರುತ್ತೆ. ಪ್ರಶ್ನೆ ಇರೋರು ಚಾಟ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು. ಮಾತಾಡುವವರು ಒಪ್ಪಿದರೆ ಹದಿನೈದು ಸೆಕೆಂಡ್ ಮೈಕ್ ಸಿಗುತ್ತೆ. ಮೊದಲ ನಿಮಿಷ, ಕೊನೆಯ ನಿಮಿಷ ಪ್ರಶ್ನೆ ಇಲ್ಲ.

ನಮ್ಮ ಸ್ಟುಡಿಯೋದಲ್ಲಿ ಆರು ಕಿಟಕಿಯ ಆರು ಮೈಕೂ ತೆರೆದೇ ಇರುತ್ತೆ. ಯಾಕೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು.

ಇನ್ನೊಂದು ವಿಷಯ. ಆನ್‌ಲೈನ್ ಕೂಟ ಸಾಯೋದು ಜಗಳದಿಂದಲ್ಲ, ಮೌನದಿಂದ. ನಾಲ್ಕು ಜನ ಮಾತಾಡ್ತಾರೆ, ಉಳಿದ ಇಪ್ಪತ್ತಾರು ಜನ ಮ್ಯೂಟ್ ಮಾಡಿಕೊಂಡು ಪಕ್ಕದಲ್ಲಿ ರೀಲ್ಸ್ ನೋಡ್ತಾರೆ. ಮೂರನೇ ವಾರಕ್ಕೆ ಆ ಇಪ್ಪತ್ತಾರರಲ್ಲಿ ಆರು ಜನ ಉಳಿದರೆ ಪುಣ್ಯ. ಇಲ್ಲಿ ಸ್ವಾಗತ ಐದೇ ನಿಮಿಷ. ಆಮೇಲೆ ಮೂವತ್ತು ಜನ ಹತ್ತು ಹತ್ತರಂತೆ ಮೂರು ಕೋಣೆಗೆ ಹೋದರು. ಪ್ರತಿ ಕೋಣೆಯಲ್ಲೂ ಎಂಟು ಜನಕ್ಕೆ ಮಾತು, ಒಬ್ಬರಿಗೆ ಗಡಿಯಾರ, ಒಬ್ಬರಿಗೆ ತೀರ್ಪು ಮತ್ತು ಅದಕ್ಕೆ ಕಾರಣ. ಯಾರೂ ಬರೀ ಪ್ರೇಕ್ಷಕರಲ್ಲ. ವಿಷಯವೂ ಅಷ್ಟೇ. ನಾವು ಶಾಲೆಯಲ್ಲಿ "ವಿಜ್ಞಾನ ವರವೋ ಶಾಪವೋ" ಅಂತ ಬಾಯಿಪಾಠ ಮಾಡಿ, ಕೊನೆಗೆ "ಎರಡೂ ಹೌದು" ಅಂತ ಹೇಳಿ ಸ್ಟೀಲ್ ಲೋಟ ಗೆದ್ದು ಬಂದವರು. ಇವರು "ಪಿಯು ಕಾಲೇಜಿಗೆ ಮೊಬೈಲ್ ತರಲು ಬಿಡಬೇಕು" ಅಂತ ಇಡ್ತಾರೆ. ಹೌದು ಅಥವಾ ಅಲ್ಲ. ತಪ್ಪಿಸಿಕೊಳ್ಳೋಕೆ ಜಾಗ ಇಲ್ಲ.

ಎಐ ಬಳಸಿ ಬರೆಸಿಕೊಂಡು ಬಂದು ಓದಲ್ವಾ ಅಂತ ಕೇಳಿದೆ. ಓದ್ತಾರಂತೆ. ನಾನು ಟೆಲಿಪ್ರಾಂಪ್ಟರ್ ಓದಿಯೇ ಅನ್ನ ತಿನ್ನೋಳು, ಓದುವ ದನಿ ನನಗೆ ಗೊತ್ತಾಗದೆ ಇರುತ್ತಾ? ಅವತ್ತೂ ಒಬ್ಬ ಸಿಕ್ಕಿಬಿದ್ದ. ಅವನನ್ನು ಯಾರೂ ಬೈಯಲಿಲ್ಲ. ಮೂರನೇ ನಿಮಿಷಕ್ಕೆ ಒಂದು ಪ್ರಶ್ನೆ ಬಂತು, ಓದ್ತಿದ್ದ ಹಾಳೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ, ಅಷ್ಟೇ.

ಈಗ ನನ್ನ ಸರದಿ. ನನಗಿಂತ ಮುಂಚೆ ವಿರೋಧ ಪಕ್ಷದಿಂದ ಮಾತಾಡಿದ್ದು ಮಲೆನಾಡಿನ ಒಬ್ಬ ಹುಡುಗಿ. ಅಂದ್ರೆ ನನ್ನ ಕೆಲಸ ಉಳಿಸೋಕೆ ನಿಂತವಳು ಅವಳು! ಕ್ಯಾಮೆರಾ ಆಫ್. ಅವರ ಕೂಟದಲ್ಲಿ ಅದಕ್ಕೆ ಅಂಕ ಕಡಿಯಲ್ಲ. ಮಾತಿಗೆ ಸೆಕೆಂಡಿಗೆ ಕೆಲವು ಹತ್ತು ಕಿಲೋಬಿಟ್ ಸಾಕು, ವಿಡಿಯೋಗೆ ಅದರ ಹತ್ತಾರು ಪಟ್ಟು ಬೇಕು. ಕ್ಯಾಮೆರಾ ಕಡ್ಡಾಯ ಮಾಡಿದ ದಿನ ಕೂಟ ಬರೀ ಬೆಂಗಳೂರಿನವರದ್ದಾಗುತ್ತೆ. ಹಾಗಿದ್ದೂ ಅವಳ ನೆಟ್‌ವರ್ಕ್ ನಾಲ್ಕನೇ ನಿಮಿಷದಲ್ಲಿ ಹೋಯ್ತು. ಗಡಿಯಾರ ನಿಲ್ಲಿಸಿದರು. ಯಾರೂ "ಮುಂದಿನವರು ಬನ್ನಿ" ಅನ್ನಲಿಲ್ಲ. ಎರಡು ನಿಮಿಷ ಬಿಟ್ಟು ಅವಳು ವಾಪಸ್ ಬಂದಾಗ, "ನಿನ್ನ ಕೊನೆಯ ಮಾತು ಇದು" ಅಂತ ಬರೆದುಕೊಂಡದ್ದನ್ನು ಓದಿ ಹೇಳಿದ್ದು ನಮ್ಮ ಕಡೆಯ, ಅಂದ್ರೆ ಅವಳ ಎದುರಾಳಿ ಹುಡುಗ. ನಾನಾಗಿದ್ದರೆ? ಅತಿಥಿಯ ಲೈನ್ ಕಟ್ ಆದರೆ ನಾವು "ತಾಂತ್ರಿಕ ತೊಂದರೆ" ಅಂತ ಹೇಳಿ ಮುಂದಿನ ಕಿಟಕಿಗೆ ಹೋಗ್ತೀವಿ. ಅವರ ಮಾತು ಎಲ್ಲಿ ನಿಂತಿತ್ತು ಅಂತ ನನಗೆ ನೆನಪಿರಲ್ಲ.

ಏಳು ನಿಮಿಷ ಮುಗೀತು. ನಾನು ಶುರು ಮಾಡಬೇಕು. ಆದರೆ ಅದಕ್ಕೂ ಮುಂಚೆ ಅವರ ಇನ್ನೊಂದು ನಿಯಮ. ಇದು ಬ್ರಿಟಿಷರದ್ದಲ್ಲ, ನಮ್ಮ ಹಳಬರದ್ದು: ಪೂರ್ವಪಕ್ಷ. ಎದುರಾಳಿ ಹೇಳಿದ್ದನ್ನು ನೀವು ಒಂದೆರಡು ವಾಕ್ಯದಲ್ಲಿ ಹೇಳಬೇಕು, ಅವರು "ಹೌದು, ಅದೇ" ಅನ್ನಬೇಕು, ಆಮೇಲೆ ನಿಮ್ಮ ಉತ್ತರ. ನ್ಯಾಯಸೂತ್ರಗಳು ವಾದ, ಜಲ್ಪ, ವಿತಂಡ ಅಂತ ಮೂರು ಬಗೆ ಹೇಳ್ತವೆ. ಸತ್ಯ ತಿಳಿಯೋಕೆ ಮಾಡೋದು ವಾದ, ಗೆಲ್ಲೋಕೆ ಮಾಡೋದು ಜಲ್ಪ, ತನ್ನದು ಅಂತ ಏನೂ ಇಡದೆ ಎದುರಿನವರದ್ದನ್ನು ಕೆಡವೋದು ವಿತಂಡ. ಮೊದಲನೆಯ ಎರಡರಲ್ಲಿ ಜಲ್ಪ ಅನ್ನೋ ಪದ ನಮ್ಮ ಮಾತಲ್ಲಿ ಬಳಕೆಯಲ್ಲಿಲ್ಲ. ವಿತಂಡವಾದ ಮಾತ್ರ ಪ್ರತಿ ಮನೆಯಲ್ಲೂ ಗೊತ್ತು.

ನಾನು ಹೇಳಿದೆ: "ಟಿವಿ ಚರ್ಚೆಯಿಂದ ಜನರಿಗೆ ಮಾಹಿತಿ ಸಿಗುತ್ತೆ ಅಂತ ಇವರ ವಾದ."

"ಇಲ್ಲ ಮೇಡಂ, ನಾನು ಹಾಗೆ ಹೇಳಲಿಲ್ಲ."

ಕಿವಿ ಬಿಸಿಯಾಯ್ತು. ನಿಜ ಹೇಳ್ತೀನಿ, ಅವಳು ಮಾತಾಡ್ತಿದ್ದಾಗ ನಾನು ನನ್ನ ಮುಂದಿನ ಪಾಯಿಂಟ್ ಬರೀತಾ ಕೂತಿದ್ದೆ. ಹತ್ತು ವರ್ಷದ ಅಭ್ಯಾಸ. ಅವಳೇ ಇನ್ನೊಮ್ಮೆ ಹೇಳಿದಳು: "ನಮ್ಮಜ್ಜಿ ಓದಿಲ್ಲ ಮೇಡಂ. ಊರಿನ ಸಭೆಗಳಲ್ಲಿ ಹಿಂದೆ ಕೂರ್ತಾರೆ. ಅಧಿಕಾರದಲ್ಲಿ ಇರೋರನ್ನ ಒಬ್ಬ ಹೆಂಗಸು ಮುಖಕ್ಕೆ ಹೊಡೆದ ಹಾಗೆ ಪ್ರಶ್ನೆ ಕೇಳೋದನ್ನ ಅವರು ನೋಡಿದ್ದು ಟಿವಿಯಲ್ಲಿ ಮಾತ್ರ. ಮಾಹಿತಿ ಅಲ್ಲ, ಹಾಗೂ ಕೇಳಬಹುದು ಅನ್ನೋದು ಸಿಕ್ಕಿದ್ದು ಅಲ್ಲಿಂದ. ಅದನ್ನ ನಿಲ್ಲಿಸೋ ಮುಂಚೆ ಬೇರೆ ಏನು ಕೊಡ್ತೀರಿ ಅಂತ ಹೇಳಿ."

ಎರಡನೇ ಸಲ ಸರಿಯಾಗಿ ಹೇಳಿದೆ, ಅವಳು "ಹೌದು" ಅಂದಳು. ಆಮೇಲೆ ನನ್ನ ಏಳು ನಿಮಿಷ. ವಿಷಯ ಗೊತ್ತಿರೋರನ್ನ ಬಿಟ್ಟು ದನಿ ದೊಡ್ಡದಿರೋರನ್ನ ಹೇಗೆ ಆರಿಸ್ತೀವಿ, ಒಪ್ಪಿಗೆ ಮೂಡೋ ಹೊತ್ತಿಗೇ ಹೇಗೆ ಬ್ರೇಕ್ ತಗೊಳ್ತೀವಿ, ಎಲ್ಲ ಹೇಳಿದೆ. ನನಗಿಂತ ಚೆನ್ನಾಗಿ ಯಾರು ಹೇಳಬಲ್ಲರು! ಚರ್ಚೆಗೆ ಮುಂಚೆ ಒಂದು ಮತ, ಆಮೇಲೆ ಒಂದು ಮತ. ಯಾರ ಕಡೆಗೆ ಜನ ವಾಲಿದರೋ ಅವರು ಗೆದ್ದ ಹಾಗೆ. ಟೊರೊಂಟೊದ ಮಂಕ್ ಡಿಬೇಟ್ಸ್‌ನಲ್ಲೂ ಹೀಗೇ ಲೆಕ್ಕ ಹಾಕ್ತಾರೆ. ಇಬ್ಬರು ಮನಸ್ಸು ಬದಲಿಸಿ ಅವಳ ಕಡೆ ಹೋದರು. ನಾನು ಸೋತೆ, ಕೆಲಸ ಉಳೀತು.

ಸೋಮವಾರ ರಾತ್ರಿ ಸ್ಟುಡಿಯೋದಲ್ಲಿ ಅದೇ ನಿಯಮ ಇಟ್ಟು ನೋಡಿದೆ. ನಮ್ಮ ಕಾಯಂ ಅತಿಥಿಯೊಬ್ಬರಿಗೆ, "ಉತ್ತರ ಕೊಡೋ ಮುಂಚೆ ಅವರು ಹೇಳಿದ್ದು ಏನು ಅಂತ ಒಂದು ವಾಕ್ಯದಲ್ಲಿ ಹೇಳಿ ಸರ್" ಅಂದೆ. ಅವರು ಸುಮ್ಮನಾದರು. ನಾಲ್ಕು ಸೆಕೆಂಡ್. ಟಿವಿಯಲ್ಲಿ ನಾಲ್ಕು ಸೆಕೆಂಡ್ ಮೌನ ಅಂದ್ರೆ ಮನೆಯಲ್ಲಿ ಕರೆಂಟ್ ಹೋದ ಹಾಗೆ. ಇಯರ್‌ಪೀಸ್‌ನಲ್ಲಿ ಪಿಸಿಆರ್‌ನವರು "ಬ್ರೇಕ್ ತಗೊಳ್ಳಿ, ಬ್ರೇಕ್ ತಗೊಳ್ಳಿ" ಅಂತ ಒಂದೇ ಸಮನೆ. ತಗೊಳ್ಳಲಿಲ್ಲ. ಅತಿಥಿ ಗಂಟಲು ಸರಿಮಾಡಿಕೊಂಡು ಏನೋ ಹೇಳಿದರು. ಎದುರಿನ ಕಿಟಕಿಯವರು, "ಅರ್ಧ ಸರಿ" ಅಂದರು.

ಬರೋ ಶನಿವಾರ ಮತ್ತೆ ಹೋಗ್ತಿದ್ದೀನಿ. ವಿಷಯ ಎಂಟು ಗಂಟೆಗೇ ಗೊತ್ತಾಗೋದು. ಅವತ್ತಿನ ಒಂಬತ್ತರ ಬುಲೆಟಿನ್ ಬೇರೆಯವರು ಓದ್ತಾರೆ.