ಕಂಪ್ಯೂಟರಿನ ಕ್ಯಾಲೆಂಡರ್ ಮತ್ತು ನಮ್ಮ ತಾರೀಕು
(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ತಾರೀಕಿಲ್ಲದ ಪತ್ರಗಳಿಂದ ಆಡಳಿತದಲ್ಲಿ ಗೊಂದಲವಾಗುತ್ತಿದ್ದುದರಿಂದ ಖಲೀಫಾ ಉಮರ್ (ರ) ಅವರು ಹಿಜರಿ ವರ್ಷದ ಎಣಿಕೆಯನ್ನು ಜಾರಿಗೆ ತಂದರೆಂದು ನಾವು ಇತಿಹಾಸದಲ್ಲಿ ಓದುತ್ತೇವೆ. ತಾರೀಕಿನ ಗೊಂದಲ ಇಂದಿಗೂ ಮುಗಿದಿಲ್ಲ.

ನನಗೆ ಗೊತ್ತಿರುವ ಒಬ್ಬ ವಿದ್ಯಾರ್ಥಿನಿ ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನವನ್ನು ಕಂಪ್ಯೂಟರಿನಲ್ಲಿ 04/03 ಎಂದು ಬರೆದಿಟ್ಟಳು. ಅವಳ ಲೆಕ್ಕದಲ್ಲಿ ಅದು ಮಾರ್ಚ್ 4. ಆದರೆ ಯಂತ್ರ ಅಮೆರಿಕದ ಕ್ರಮದಲ್ಲಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನೆನಪಿನ ಗಂಟೆ ಬಾರಿಸಿದ್ದು ಏಪ್ರಿಲ್ 3ರಂದು. ಆ ವರ್ಷದ ಸ್ಕಾಲರ್‌ಶಿಪ್ ಕೈತಪ್ಪಿತು. ಅವಳು ಸೋಮಾರಿಯಾಗಿರಲಿಲ್ಲ. ಒಂದು ಆಯ್ಕೆಯನ್ನು ಗಮನಿಸಿರಲಿಲ್ಲ, ಅಷ್ಟೆ.

ಆದುದರಿಂದ ಗೂಗಲ್ ಕ್ಯಾಲೆಂಡರ್ ಬಳಸುವವರು ಇಂದೇ ಕಂಪ್ಯೂಟರಿನಲ್ಲಿ ಅದರ ಸೆಟ್ಟಿಂಗ್ಸ್ ತೆರೆಯಿರಿ. 'ಲ್ಯಾಂಗ್ವೇಜ್ ಅಂಡ್ ರೀಜನ್' ಭಾಗದಲ್ಲಿ ದಿನ ಮೊದಲು, ತಿಂಗಳು ನಂತರ ಬರುವ ಕ್ರಮವನ್ನು ಆರಿಸಿ. ಸಂಶಯವಿದ್ದಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ.

ಅಲ್ಲೇ 'ವ್ಯೂ ಆಪ್ಷನ್ಸ್' ಎಂಬ ಭಾಗದಲ್ಲಿ 'ಆಲ್ಟರ್ನೇಟ್ ಕ್ಯಾಲೆಂಡರ್' ಎಂಬ ಆಯ್ಕೆಯಿದೆ. ಅದರಲ್ಲಿ ಹಿಜರಿ ಪಂಚಾಂಗವನ್ನು ಆರಿಸಿದರೆ ಪ್ರತಿದಿನದ ಇಂಗ್ಲಿಷ್ ತಾರೀಕಿನ ಜೊತೆ ಹಿಜರಿ ತಾರೀಕೂ ಕಾಣುತ್ತದೆ. ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಹೀಗಾಗಿ ರಮಝಾನ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ. ಪರೀಕ್ಷೆ ಉಪವಾಸದ ದಿನಗಳಲ್ಲಿ ಬೀಳುವುದೇ ಎಂಬುದನ್ನು ತಿಂಗಳುಗಳ ಮೊದಲೇ ಅಂದಾಜು ಮಾಡಿ, ಓದಿನ ವೇಳೆಯನ್ನು ಹೊಂದಿಸಿಕೊಳ್ಳಬಹುದು.

ಆದರೆ ಮಿತ್ರರೇ, ಅದು ಅಂದಾಜು ಮಾತ್ರ ಎಂಬುದನ್ನು ಮರೆಯಬೇಡಿ. ಪರದೆಯ ಮೇಲಿನ ಹಿಜರಿ ತಾರೀಕು ಲೆಕ್ಕಾಚಾರದಿಂದ ಬಂದದ್ದು. ಸೌದಿ ಅರೇಬಿಯಾದ ಉಮ್ಮುಲ್ ಖುರಾ ಪಂಚಾಂಗವೂ ಲೆಕ್ಕದ್ದೇ. ನಮ್ಮಲ್ಲಿ ತಿಂಗಳು ಆರಂಭವಾಗುವುದು ಚಂದ್ರದರ್ಶನದಿಂದ. 2024ರಲ್ಲಿ ಮಂಗಳೂರು, ಉಡುಪಿ ಕಡೆ ಏಪ್ರಿಲ್ 10ರಂದು ಈದುಲ್ ಫಿತ್ರ್ ಆಚರಿಸಿದರೆ, ಬೆಂಗಳೂರಿನಲ್ಲಿ ಆಚರಿಸಿದ್ದು 11ರಂದು. ಒಂದೇ ರಾಜ್ಯದಲ್ಲಿ ಎರಡು ದಿನ! ಇದನ್ನು ಯಾವ ಸಾಫ್ಟ್‌ವೇರ್ ಮುಂಚಿತವಾಗಿ ಹೇಳೀತು? ಇನ್ನೊಂದು ಮಾತು. ನಮ್ಮ ದಿನ ಮಗ್ರಿಬ್‌ನಿಂದ ಶುರುವಾಗುತ್ತದೆ; ಕಂಪ್ಯೂಟರಿನ ಕ್ಯಾಲೆಂಡರ್ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ದಿನವನ್ನು ಎಣಿಸುತ್ತದೆ.

ಆದುದರಿಂದ ಯೋಜನೆಗೆ ಯಂತ್ರವನ್ನು ಬಳಸಿ, ಹಬ್ಬಕ್ಕೆ ನಿಮ್ಮೂರಿನ ಖಾಝಿಯವರ ಪ್ರಕಟಣೆಯನ್ನು ಕಾಯಿರಿ. ಊರಿಗೆ ಹೋಗುವ ಟಿಕೆಟ್ ಕಾಯ್ದಿರಿಸುವಾಗ, ರಜೆ ಕೇಳುವಾಗ ಒಂದು ದಿನ ಹೆಚ್ಚು ಇಟ್ಟುಕೊಳ್ಳಿ.

ಯಂತ್ರ ತಾನಾಗಿ ನಮ್ಮ ಅಗತ್ಯವನ್ನು ಅರಿಯದು. ನಾವೇ ಅದಕ್ಕೆ ತಿಳಿಸಬೇಕು. ಮನೆಗೆ ಹೋದ ಮೇಲೆ ಐದು ನಿಮಿಷ ಇದಕ್ಕೆ ಕೊಡಿ. ತಮ್ಮ ತಂಗಿಯರಿಗೂ ತೋರಿಸಿಕೊಡಿ. ತಾರೀಕಿನ ತಪ್ಪಿನಿಂದ ನಮ್ಮ ಯಾವ ಮಗುವೂ ಇನ್ನು ಅವಕಾಶ ಕಳೆದುಕೊಳ್ಳದಿರಲಿ. ಅಲ್ಲಾಹನು ನಮ್ಮ ಸಮಯದಲ್ಲಿ ಬರಕತ್ ನೀಡಲಿ, ಆಮೀನ್.